ಅಂಧರು, ಮಂದದೃಷ್ಟಿಯವರಿಗೆ ಸೇವೆಗಳು: ಗವಿಪುರಂ ಮತ್ತು ಹಳೆಯ ಬೆಂಗಳೂರು

ಕಣ್ಣು ಪೂರ್ತಿ ಕಾಣದವರಿಗೂ ಅರೆಬರೆ ಕಾಣುವವರಿಗೂ ಓದು, ಓಡಾಟ, ಉದ್ಯೋಗ, ಆಟಗಳಲ್ಲಿ ಜೊತೆ ನಿಲ್ಲುವ ಸಂಸ್ಥೆಗಳು, ಸಾಧನಗಳು, ಕಾಯಿದೆಗಳು ಮತ್ತು ಸ್ವಯಂಸೇವಕರ ಕೆಲಸವನ್ನು ಕುರಿತ ಲೇಖನವಿದು. ಬೆಂಗಳೂರಿನ ಗವಿಪುರಂ, ಅದಕ್ಕೆ ಹೊಂದಿಕೊಂಡ ಬಸವನಗುಡಿ, ಚಾಮರಾಜಪೇಟೆಗಳನ್ನು ನಡುವೆ ಇಟ್ಟುಕೊಂಡು ಕರ್ನಾಟಕದ ಉಳಿದ ಭಾಗಗಳನ್ನೂ ನೋಡಲಾಗಿದೆ. ಅಂಧರಿಗಾಗಿ ದುಡಿಯುವ ಸಂಸ್ಥೆಗಳ ವಿಷಯದಲ್ಲಿ ಬೆಂಗಳೂರು ದೇಶದ ಮುಂಚೂಣಿಯ ನಗರ. ಶಾಲೆಯಿದೆ, ಬ್ರೈಲ್ ಮುದ್ರಣವಿದೆ, ಮಾತನಾಡುವ ಪುಸ್ತಕಗಳಿವೆ, ಕೆಲಸ ಕೊಡಿಸುವವರಿದ್ದಾರೆ, ವಿಶ್ವಕಪ್ ಗೆದ್ದ ಕ್ರಿಕೆಟ್ ತಂಡದ ಬೆನ್ನಿಗೆ ನಿಂತ ಟ್ರಸ್ಟೂ ಇದೆ. ಕೊರತೆ ಇರುವುದು ಮನೆಯ ಹೊಸ್ತಿಲಿಂದ ಈ ಬಾಗಿಲುಗಳವರೆಗಿನ ದಾರಿಯಲ್ಲಿ. ಹಳೆಯ ಬಡಾವಣೆಗಳಲ್ಲಿ ಆ ದಾರಿ ಇನ್ನೂ ಕಷ್ಟದ್ದು.

ಗವಿಪುರಂ ಗುಡ್ಡ, ಬಂಡೆ, ಇಳಿಜಾರುಗಳ ಜಾಗ. ಒಂದು ಬದಿಗೆ ಕೆಂಪಾಂಬುಧಿ ಕೆರೆ, ಇನ್ನೊಂದು ಬದಿಗೆ ಹರಿಹರೇಶ್ವರ ಗುಡ್ಡ, ಬಂಡೆಯ ಹೊಟ್ಟೆಯೊಳಗೆ ಗವಿ ಗಂಗಾಧರೇಶ್ವರ. ಮಕರ ಸಂಕ್ರಾಂತಿಯ ಸಂಜೆ ಸೂರ್ಯಕಿರಣ ನಂದಿಯ ಕೊಂಬುಗಳ ನಡುವಿನಿಂದ ಹಾದು ಲಿಂಗದ ಮೇಲೆ ಬೀಳುವುದನ್ನು ನೋಡಲು ಸಾವಿರಾರು ಜನ ಸೇರುತ್ತಾರೆ. ಇದೇ ಗುಡಿಯಲ್ಲಿ ಎರಡು ತಲೆ, ಏಳು ಕೈ, ಮೂರು ಕಾಲುಗಳ ಅಗ್ನಿಯ ಅಪರೂಪದ ಮೂರ್ತಿ ಇದೆ. ಅದಕ್ಕೆ ಪೂಜೆ ಸಲ್ಲಿಸಿದರೆ ಕಣ್ಣಿನ ದೋಷ ನೀಗುತ್ತದೆ ಎಂದು ಭಕ್ತರು ನಂಬುತ್ತಾರೆ. ಕಣ್ಣಿನ ಹರಕೆ ಹೊತ್ತವರು ಈ ಬೀದಿಗೆ ಬರುವುದು ಹಾಗಾಗಿ ಹೊಸದಲ್ಲ.

ಕಣ್ಣು ಕಾಣದವರಿಗೆ ಈ ಗವಿ ಸ್ಪರ್ಶದಿಂದಲೇ ಚೆನ್ನಾಗಿ ಅರ್ಥವಾಗುತ್ತದೆ. ಗರ್ಭಗುಡಿಯ ಸುತ್ತ ಪ್ರದಕ್ಷಿಣೆ ಹಾಕುವಾಗ ಬಂಡೆಯ ಮಾಡು ತಲೆಗೆ ತಾಗುವಷ್ಟು ಕೆಳಗಿಳಿಯುತ್ತದೆ. ಕಣ್ಣಿದ್ದವರೂ ಇಲ್ಲದವರೂ ಒಂದೇ ರೀತಿ ಬಗ್ಗಿ, ಗೋಡೆಗೆ ಕೈಯಿಟ್ಟು ನಡೆಯಬೇಕು. ಅಂಗೈಗೆ ತಣ್ಣನೆಯ ಕಲ್ಲು, ಅಂಗಾಲಿಗೆ ನುಣುಪು ನೆಲ, ಕಿವಿಗೆ ಗಂಟೆಯ ದನಿ ಹತ್ತಿರವಾಗಿ ಮತ್ತೆ ದೂರವಾಗುವುದು, ಇಷ್ಟರಿಂದಲೇ ಸುತ್ತು ಎಲ್ಲಿಗೆ ಬಂತೆಂದು ಗೊತ್ತಾಗುತ್ತದೆ. ಹೊರಗಿನ ಅಂಗಳದ ಏಕಶಿಲೆಯ ತ್ರಿಶೂಲ, ಡಮರು, ಸೂರ್ಯಪಾನ ಮತ್ತು ಚಂದ್ರಪಾನ ಎಂಬ ತಟ್ಟೆಗಳ ಕತೆ ಬೇರೆ. ಅವು ಕೈಗೆಟುಕದ ಎತ್ತರದಲ್ಲಿವೆ, ಯಾರಾದರೂ ಬಾಯಿಬಿಟ್ಟು ವರ್ಣಿಸಬೇಕು. ಕಂಡದ್ದನ್ನು ಮಾತಿನಲ್ಲಿ ಕಟ್ಟಿಕೊಡುವ ಈ ಕೆಲಸಕ್ಕೆ ಸಿನಿಮಾ, ವಸ್ತುಸಂಗ್ರಹಾಲಯಗಳಲ್ಲಿ ಆಡಿಯೋ ಡಿಸ್ಕ್ರಿಪ್ಷನ್ ಎಂಬ ಹೆಸರಿದೆ. ಸಂಕ್ರಾಂತಿಯ ಸಂಜೆ ಕಿರಣ ಎಲ್ಲಿಗೆ ಬಂತು, ಲಿಂಗ ಹೇಗೆ ಬೆಳಗಿತು ಎಂದು ಮೈಕಿನಲ್ಲಿ ನಿಧಾನವಾಗಿ ಹೇಳುವವರೊಬ್ಬರಿದ್ದರೆ ಸಾಕು, ಆ ಕೆಲವು ನಿಮಿಷಗಳು ಎಲ್ಲರ ಪಾಲಿಗೂ ಸಿಕ್ಕುತ್ತವೆ. ಅದಕ್ಕೆ ದುಡ್ಡೂ ಬೇಕಿಲ್ಲ.

ಯಾರು ಅಂಧರು, ಯಾರು ಮಂದದೃಷ್ಟಿಯವರು?

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಇದಕ್ಕೆ ಲೆಕ್ಕ ಹಾಕಿಕೊಟ್ಟಿದೆ. ಕನ್ನಡಕ ಹಾಕಿದ ಮೇಲೂ ಉತ್ತಮವಾದ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆ ಇದ್ದರೆ, ಅಂದರೆ ಸರಿಯಾದ ಕಣ್ಣಿನವರು 60 ಮೀಟರ್ ದೂರದಿಂದ ಗುರುತಿಸುವುದನ್ನು 3 ಮೀಟರ್ ಹತ್ತಿರದಿಂದಲೂ ಗುರುತಿಸಲಾಗದಿದ್ದರೆ, ಅದು ಅಂಧತ್ವ. ದೃಷ್ಟಿಯ ಹರವು 10 ಡಿಗ್ರಿಗಿಂತ ಕಿರಿದಾಗಿದ್ದರೂ ಅಂಧತ್ವವೇ. 6/18ರಿಂದ 3/60ರವರೆಗಿನದು, ಇಲ್ಲವೇ ಹರವು 40 ಡಿಗ್ರಿಗಿಂತ ಕಡಿಮೆಯಾದದ್ದು ಮಂದದೃಷ್ಟಿ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಒಟ್ಟು 13.24 ಲಕ್ಷ ವಿಕಲಚೇತನರಿದ್ದು, ಅವರಲ್ಲಿ ಸುಮಾರು 2.64 ಲಕ್ಷ ಮಂದಿಗೆ ದೃಷ್ಟಿಯ ತೊಂದರೆ ಇತ್ತು.

ಇವರಲ್ಲಿ ಮಂದದೃಷ್ಟಿಯವರ ಕಷ್ಟ ನೆರೆಹೊರೆಗೆ ಬೇಗ ಅರ್ಥವಾಗುವುದಿಲ್ಲ. ಗ್ಲಾಕೋಮಾ ಆದವರಿಗೆ ಎದುರಿನ ಮುಖ ಕಾಣುತ್ತದೆ, ಪಕ್ಕದಿಂದ ಬಂದ ಸ್ಕೂಟರ್ ಕಾಣುವುದಿಲ್ಲ. ಅಕ್ಷಿಪಟಲದ ನಡುಭಾಗ ಸವೆದವರು ಬೀದಿಯಲ್ಲಿ ಸಲೀಸಾಗಿ ನಡೆಯುತ್ತಾರೆ, ಎದುರು ನಿಂತವರ ಮುಖ ಮಾತ್ರ ತಿಳಿಯುವುದಿಲ್ಲ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ವಂಶಪಾರಂಪರ್ಯದ ರೋಗದಲ್ಲಿ ಮೊದಲು ಇರುಳಿನ ದೃಷ್ಟಿ ಹೋಗುತ್ತದೆ, ಆಮೇಲೆ ಹಗಲಿನದೂ ಕೊಳವೆಯಂತೆ ಕಿರಿದಾಗುತ್ತದೆ; ಸೋದರಮಾವ, ಅತ್ತೆಯ ಮಕ್ಕಳು ಎಂದು ರಕ್ತಸಂಬಂಧದಲ್ಲೇ ಮದುವೆ ಮಾಡುವ ನಮ್ಮ ಕಡೆ ಇಂಥ ರೋಗಗಳ ಸಂಭವ ಹೆಚ್ಚು. ಇಂಥವರು ಕೋಲು ಹಿಡಿದು ಬಂದು ಆಮೇಲೆ ಕೈಗಡಿಯಾರ ನೋಡಿದರೆ ಜನ ನಟನೆ ಎನ್ನುತ್ತಾರೆ. ಅದು ನಟನೆಯಲ್ಲ. ಉಳಿದ ದೃಷ್ಟಿಯನ್ನು ಬಳಸಿಕೊಳ್ಳುವುದನ್ನು ಕಲಿಸುವುದೇ ಮಂದದೃಷ್ಟಿ ಚಿಕಿತ್ಸೆಯ ಮುಖ್ಯ ಕೆಲಸ.

ಚಿಕಿತ್ಸೆ, ನೇತ್ರದಾನ

ಗವಿಪುರದಿಂದ ಎರಡು ಮೂರು ಕಿಲೋಮೀಟರ್ ದೂರದಲ್ಲಿ, ಚಾಮರಾಜಪೇಟೆಯ ಅಂಚಿನಲ್ಲಿ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ. 1896ರಲ್ಲಿ ಆರಂಭವಾದ ಈ ಸಂಸ್ಥೆ 1913ರಲ್ಲಿ ಈಗಿನ ಕಟ್ಟಡಕ್ಕೆ ಬಂತು. ವೈಸ್‌ರಾಯ್ ಆಗಿದ್ದ ಲಾರ್ಡ್ ಮಿಂಟೋ ಹೆಸರು ಅದಕ್ಕೆ ಅಂಟಿಕೊಂಡಿತು. ಬೆಂಗಳೂರು ವೈದ್ಯಕೀಯ ಕಾಲೇಜಿಗೆ ಸೇರಿದ ಇದು ಇಂದಿಗೂ ಬಡವರ ಪಾಲಿನ ಕಣ್ಣಾಸ್ಪತ್ರೆ. ಆಸ್ಪತ್ರೆಗೆ ಬರಲಾಗದ ಹಳ್ಳಿಗರ ಬಳಿಗೆ ಶಸ್ತ್ರಚಿಕಿತ್ಸೆಯನ್ನೇ ಒಯ್ದವರು ಬೀಳಗಿ ಮೂಲದ ಡಾ. ಎಂ.ಸಿ. ಮೋದಿ. ಊರೂರಲ್ಲಿ ಶಿಬಿರ ಹೂಡಿ ಲಕ್ಷಗಟ್ಟಲೆ ಜನರ ಪೊರೆ ತೆಗೆದ ಅವರು 2005ರಲ್ಲಿ ತೀರಿಕೊಂಡರು. ಅವರ ಹೆಸರಿನ ಆಸ್ಪತ್ರೆ ನಗರದ ಮಹಾಲಕ್ಷ್ಮಿಪುರದಲ್ಲಿದೆ. ಅವಧಿಗೆ ಮುಂಚೆ ಹುಟ್ಟಿದ ಶಿಶುಗಳ ಅಕ್ಷಿಪಟಲಕ್ಕೆ ಬರುವ ರೋಗವನ್ನು ಜಿಲ್ಲೆಗಳಲ್ಲೇ ಕ್ಯಾಮೆರಾದಿಂದ ಚಿತ್ರ ತೆಗೆದು ಬೆಂಗಳೂರಿನ ತಜ್ಞರಿಗೆ ಅಂತರ್ಜಾಲದಲ್ಲಿ ಕಳಿಸಿ ಪತ್ತೆಹಚ್ಚುವ 'ಕಿಡ್‌ರಾಪ್' ಯೋಜನೆಯನ್ನು ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿತು. ವಾರಗಳೊಳಗೆ ಹಿಡಿದರೆ ಉಳಿಯುವ, ತಡವಾದರೆ ಮತ್ತೆ ಬಾರದ ದೃಷ್ಟಿ ಅದು.

ನೇತ್ರದಾನದ ಮಾತು ಬಂದರೆ ಕನ್ನಡಿಗರಿಗೆ ನೆನಪಾಗುವುದು ಸಿನಿಮಾ ನಟರ ಒಂದೇ ಮನೆತನ. ಡಾ. ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್ ಅಗಲಿದಾಗ ಅವರ ಕಾರ್ನಿಯಾಗಳನ್ನು ಪದರ ಪದರವಾಗಿ ಬೇರ್ಪಡಿಸಿ ನಾಲ್ವರಿಗೆ ಕಸಿ ಮಾಡಲಾಯಿತು. ಆಮೇಲೆ ರಾಜ್ಯದಲ್ಲಿ ಹೆಸರು ನೋಂದಾಯಿಸುವವರ ಸಾಲು ಬೆಳೆಯಿತು. ಆದರೆ ನೋಂದಣಿಯೊಂದೇ ಸಾಲದು. ಸಾವಿನ ನಂತರ ಸುಮಾರು ಆರು ಗಂಟೆಯೊಳಗೆ ಕಣ್ಣಿನ ಬ್ಯಾಂಕಿಗೆ ಫೋನ್ ಹೋಗಬೇಕು, ಹಾಗೆ ಫೋನ್ ಮಾಡಬೇಕಾದವರು ಮನೆಯವರು. ಇನ್ನೊಂದು ಮಾತು: ಕಾರ್ನಿಯಾ ಕಸಿಯಿಂದ ಗುಣವಾಗುವುದು ಕಾರ್ನಿಯಾದ ಅಂಧತ್ವ ಮಾತ್ರ. ನರ ಅಥವಾ ಅಕ್ಷಿಪಟಲ ಹಾಳಾದವರಿಗೆ ಅದರಿಂದ ದೃಷ್ಟಿ ಬಾರದು. ಅವರಿಗೆ ಬೇಕಿರುವುದು ಬದುಕುವ ಬೇರೆ ದಾರಿಯ ತರಬೇತಿ.

ಶಾಲೆಗಳು ಮತ್ತು ಸಂಗೀತದ ಮಠ

ಅಂಥ ತರಬೇತಿ ಕರ್ನಾಟಕದಲ್ಲಿ ಮೈಸೂರಿನಿಂದ ಶುರುವಾಯಿತು. ಅಲ್ಲಿ 1901ರಲ್ಲಿ ಆರಂಭವಾದ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ರಾಜ್ಯದ ಅತಿ ಹಳೆಯ ವಿಶೇಷ ಶಾಲೆಗಳಲ್ಲಿ ಒಂದು. ಮುಂದೆ ಶಾಲೆಯಿರುವ ತಿಲಕನಗರದಲ್ಲೇ ಸರ್ಕಾರಿ ಬ್ರೈಲ್ ಮುದ್ರಣಾಲಯವೂ ಬಂತು. ತುಮಕೂರು ಜಿಲ್ಲೆಯಿಂದ ಬಂದು ಮೈಸೂರಿನ ಶಾಲೆಯಲ್ಲಿ ಓದಿದ ಕೆಂಪಹೊನ್ನಯ್ಯ ಐಎಎಸ್‌ಗೆ ಆಯ್ಕೆಯಾದದ್ದು ಆ ಶಾಲೆಗೆ ಸಂದ ದೊಡ್ಡ ಗೌರವ.

ಸರ್ಕಾರದ ನೆರವಿಲ್ಲದೆ, ಭಿಕ್ಷೆಯ ಜೋಳಿಗೆಯಿಂದ ಬೆಳೆದ ಶಾಲೆ ಗದಗಿನ ವೀರೇಶ್ವರ ಪುಣ್ಯಾಶ್ರಮ. ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು (1892–1944) ಕಣ್ಣಿಲ್ಲದ ಹುಡುಗರನ್ನು ಕಟ್ಟಿಕೊಂಡು ಊರಿಂದೂರಿಗೆ ತಿರುಗುತ್ತ ಸಂಗೀತ ಕಲಿಸಿದರು. ಅವರ ಶಿಷ್ಯ, ಹಸುಳೆಯಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು (1914–2010) ಆಶ್ರಮವನ್ನು ನಾಡಿನ ಸಂಗೀತಶಾಲೆಯಾಗಿ ಬೆಳೆಸಿದರು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ತೀರಿಕೊಂಡರು. ಅನ್ನ, ಅಕ್ಷರ, ಸ್ವರ ಮೂರನ್ನೂ ಒಂದೇ ಸೂರಿನಡಿ ಕೊಟ್ಟ ಈ ಮಾದರಿ ಹೊರಗಿನ ಯಾವ ದೇಶದಿಂದಲೂ ಬಂದದ್ದಲ್ಲ, ಉತ್ತರ ಕರ್ನಾಟಕದ ಮಠ ಮತ್ತು ನಾಟಕ ಕಂಪನಿಯ ಸಂಪ್ರದಾಯದಿಂದ ಹುಟ್ಟಿದ್ದು. ನಮ್ಮ ಅಂಧರ ಸೇವೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಅಧ್ಯಾಯ ಇಲ್ಲ.

ಬೆಂಗಳೂರಿನಲ್ಲಿ 1969ರಲ್ಲಿ ಆರಂಭವಾದ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ ಜೆ.ಪಿ. ನಗರದಲ್ಲಿದೆ. ಗವಿಪುರಕ್ಕೆ ಹತ್ತಿರದ ದೊಡ್ಡ ಸಂಸ್ಥೆ ಇದೇ. ವೈಟ್‌ಫೀಲ್ಡಿನ ಡಿವೈನ್ ಲೈಟ್, ಇಂದಿರಾನಗರದ ಶ್ರೀ ರಾಕುಂ, ಯಲಹಂಕದ ಮಾತೃ ಶಾಲೆಗಳು ನಗರದ ಬೇರೆ ಬೇರೆ ದಿಕ್ಕಿನಲ್ಲಿವೆ. ಅಂಧರ ರಾಷ್ಟ್ರೀಯ ಸಂಘದ ಕರ್ನಾಟಕ ಶಾಖೆ ಜೀವನ್ ಬಿಮಾ ನಗರದಲ್ಲಿದೆ. ಈ ಹೆಸರುಗಳನ್ನು ನಕ್ಷೆಯ ಮೇಲಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಹಳೆಯ ಊರಿನ ಒಳಗೆ ಇವುಗಳಲ್ಲಿ ಒಂದೂ ಇಲ್ಲ. ಜಾಗ ಅಗ್ಗವಿದ್ದ ಕಾಲದಲ್ಲಿ ಅಂಚಿನಲ್ಲಿ ಕಟ್ಟಿಕೊಂಡದ್ದು ಸಹಜ. ಆದರೆ ಕಣ್ಣಿಲ್ಲದವರೇ ಊರಿನ ಉದ್ದಗಲ ದಾಟಿ ಹೋಗಬೇಕಾಗಿ ಬಂತು.

ಆರು ಚುಕ್ಕೆಗಳ ಕನ್ನಡ

ಲೂಯಿ ಬ್ರೈಲ್ (1809–1852) ಹದಿಹರೆಯದಲ್ಲೇ ಫ್ರಾನ್ಸಿನಲ್ಲಿ ರೂಪಿಸಿದ ಲಿಪಿಗೆ ಆರೇ ಚುಕ್ಕೆ. ಎಡಕ್ಕೆ ಮೂರು, ಬಲಕ್ಕೆ ಮೂರು. ಭಾರತದಲ್ಲಿ ಮೊದಲು ಪ್ರಾಂತಕ್ಕೊಂದು ಬಗೆಯ ಬ್ರೈಲ್ ಇತ್ತು. 1951ರಲ್ಲಿ ಒಪ್ಪಿಕೊಂಡ ಭಾರತಿ ಬ್ರೈಲ್ ಎಲ್ಲ ಭಾಷೆಗಳಿಗೂ ಒಂದೇ ಚೌಕಟ್ಟು ಕೊಟ್ಟಿತು: ಕನ್ನಡದ 'ಕ', ಹಿಂದಿಯ 'ಕ', ಬಂಗಾಳಿಯ 'ಕ' ಮೂರಕ್ಕೂ ಒಂದೇ ಚುಕ್ಕೆಗಳು. ಹೀಗಾಗಿ ಕನ್ನಡ ಬ್ರೈಲ್ ಬಲ್ಲವರು ಹೊಸ ಲಿಪಿ ಕಲಿಯದೆಯೇ ತಮಿಳು, ತೆಲುಗು ಪುಟಗಳ ಮೇಲೆ ಬೆರಳಾಡಿಸಿ ಉಚ್ಚರಿಸಬಲ್ಲರು. ಕಣ್ಣಿದ್ದು ಓದುವ ನಮಗೆ ಆ ಅನುಕೂಲ ಇಲ್ಲ.

'ಗವಿಪುರಂ' ಎಂಬ ಪದವನ್ನೇ ತೆಗೆದುಕೊಳ್ಳೋಣ. ಕಣ್ಣಿಗೆ ನಾಲ್ಕು ಅಕ್ಷರ. ಬ್ರೈಲ್‌ನಲ್ಲಿ ಗುಣಿತ, ಒತ್ತುಗಳು ಅಕ್ಷರದ ಮೇಲೆ ಕೆಳಗೆ ಕೂರುವುದಿಲ್ಲ, ಎಲ್ಲವೂ ಸಾಲಾಗಿ ಒಂದರ ಪಕ್ಕ ಒಂದು ಬರುತ್ತವೆ: ಗ, ವ, ಇ, ಪ, ಉ, ರ, ಅನುಸ್ವಾರ. ಒಟ್ಟು ಏಳು ಕೋಶ. 'ಅಕ್ಕ' ಬರೆಯುವಾಗ ಅ ಆದಮೇಲೆ ಅರ್ಧಾಕ್ಷರದ ಗುರುತಾದ ಒಂಟಿ ಚುಕ್ಕೆ, ಆಮೇಲೆ ಎರಡು ಕ. ಉಸಿರಿನಲ್ಲಿ ಹೊರಡುವ ಕ್ರಮದಲ್ಲೇ ಬೆರಳಿಗೂ ಸಿಗುವ ಕನ್ನಡ ಇದು. ಬರೆಯುವಾಗ ಇನ್ನೊಂದು ಕಸರತ್ತು ಇದೆ. ಸ್ಲೇಟಿನ ಚೌಕದೊಳಗೆ ಕಾಗದ ಸಿಕ್ಕಿಸಿ, ಸ್ಟೈಲಸ್ ಮೊಳೆಯಿಂದ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಒತ್ತಬೇಕು. ಹಾಳೆ ಮಗುಚಿದರೆ ಉಬ್ಬಿದ ಚುಕ್ಕೆಗಳು ಎಡದಿಂದ ಬಲಕ್ಕೆ ಓದಿಗೆ ಸಿಗುತ್ತವೆ. ಆರು ವರ್ಷದ ಮಕ್ಕಳು ಇದನ್ನು ಕೆಲವೇ ತಿಂಗಳಲ್ಲಿ ಕಲಿಯುತ್ತಾರೆ. ಬೆಂಗಳೂರಿನ ಥಿಂಕರ್‌ಬೆಲ್ ಲ್ಯಾಬ್ಸ್ ತಯಾರಿಸಿದ 'ಆನಿ' ಎಂಬ ಸಾಧನ, ಮಾತನಾಡುತ್ತಲೇ ಮಕ್ಕಳ ಬೆರಳು ತಿದ್ದಿ ಬ್ರೈಲ್ ಕಲಿಸುತ್ತದೆ.

ಬ್ರೈಲ್ ಪುಸ್ತಕ ದಪ್ಪ, ಭಾರ. ಸಣ್ಣ ಕಾದಂಬರಿಯೂ ಹಲವು ಸಂಪುಟಗಳಾಗುತ್ತದೆ. ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಬ್ರೈಲ್ ವಿಭಾಗ ಇದೆ. ಕಂಪ್ಯೂಟರ್, ಮೊಬೈಲ್ ಬಂದಮೇಲೆ ಬ್ರೈಲ್ ಬೇಡ ಎನ್ನುವವರಿದ್ದಾರೆ. ಒಪ್ಪತಕ್ಕ ಮಾತಲ್ಲ. ಕೇಳಿ ಕಲಿತ ಮಗುವಿಗೆ ಶಬ್ದ ಗೊತ್ತಿರುತ್ತದೆ, ಕಾಗುಣಿತ ಗೊತ್ತಿರುವುದಿಲ್ಲ. ಅಕ್ಷರಸ್ಥರಾಗುವುದಕ್ಕೆ ಬೆರಳ ತುದಿಗೆ ಅಕ್ಷರ ತಾಗಲೇಬೇಕು.

ಮಾತನಾಡುವ ಪುಸ್ತಕ, ಓದಲಾಗದ ಕಡತ

ಸ್ವತಃ ಅಂಧರಾದ ಮಧು ಸಿಂಘಾಲ್ 1990ರಲ್ಲಿ ಸ್ಥಾಪಿಸಿದ ಮಿತ್ರ ಜ್ಯೋತಿ ಎಚ್.ಎಸ್.ಆರ್. ಬಡಾವಣೆಯಲ್ಲಿದೆ. ಮಾತನಾಡುವ ಪುಸ್ತಕಗಳ ಗ್ರಂಥಾಲಯ, ಬ್ರೈಲ್ ಮುದ್ರಣ, ಕಂಪ್ಯೂಟರ್ ತರಬೇತಿ, ಅಂಧ ಹೆಣ್ಣುಮಕ್ಕಳಿಗೆ ಅಡುಗೆ, ಓಡಾಟ, ಹಣಕಾಸು ನಿರ್ವಹಣೆ ಕಲಿಸಿ ಒಬ್ಬರೇ ಬಾಳುವಂತೆ ಮಾಡುವ ವಸತಿ ತರಬೇತಿ, ಇವೆಲ್ಲ ಅಲ್ಲಿ ನಡೆಯುತ್ತವೆ. ಪುಸ್ತಕಕ್ಕೆ ದನಿ ಕೊಡುವವರು ಬಹುಪಾಲು ಸ್ವಯಂಸೇವಕರು. ಚೆನ್ನಾಗಿ ಓದುವುದೆಂದರೆ ನಾಟಕೀಯವಾಗಿ ಓದುವುದಲ್ಲ. ಅಡಿಟಿಪ್ಪಣಿ ಬಿಡಬಾರದು, ಪುಟಸಂಖ್ಯೆ ಹೇಳಬೇಕು, ಚಿತ್ರ ಬಂದರೆ ವರ್ಣಿಸಬೇಕು, ತನ್ನ ಅಭಿಪ್ರಾಯ ಸೇರಿಸಬಾರದು. ಗಮಕ ವಾಚನ ಕೇಳಿ ಬೆಳೆದ ಬಸವನಗುಡಿಯ ಹಿರಿಯರಿಗೆ ಇದು ಒಲಿಯದ ವಿದ್ಯೆಯಲ್ಲ.

ಪುಸ್ತಕವನ್ನು ಹೀಗೆ ರೂಪಾಂತರಿಸಲು ಒಂದು ಕಾಲಕ್ಕೆ ಪ್ರಕಾಶಕರ ಅನುಮತಿ ಬೇಕಿತ್ತು. 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ತಂದ ತಿದ್ದುಪಡಿ ಆ ಅಡ್ಡಿ ತೆಗೆಯಿತು. ದೇಶದೇಶಗಳ ನಡುವೆ ಇಂಥ ಪ್ರತಿಗಳ ವಿನಿಮಯಕ್ಕೆ ದಾರಿ ಮಾಡಿದ 2013ರ ಮರ್‍ರಾಕೇಶ್ ಒಪ್ಪಂದವನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ಅದು 2014ರ ಜೂನ್‌ನಲ್ಲಿ. 2016ರಲ್ಲಿ ಸುಗಮ್ಯ ಪುಸ್ತಕಾಲಯ ಎಂಬ ಅಂತರ್ಜಾಲ ಗ್ರಂಥಾಲಯ ತೆರೆಯಿತು. ಕಾಯಿದೆಯ ಮಟ್ಟಿಗೆ ಓದುಗರಿಗೆ ಈಗ ಅಡ್ಡಿಯಿಲ್ಲ.

ಅಡ್ಡಿ ಇರುವುದು ನಮ್ಮ ಕನ್ನಡದ ಕಡತಗಳಲ್ಲೇ. ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಕಡತ ಯೂನಿಕೋಡ್‌ನಲ್ಲಿ ಇರಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ 'ಕನ್ನಡ' ಎಂದು ಟೈಪಿಸಿದರೆ ಕಣ್ಣಿಗೆ ಕಾಣುವುದಷ್ಟೇ ಕನ್ನಡ. ಯಂತ್ರದ ಹೊಟ್ಟೆಯಲ್ಲಿ ಇರುವುದು ಇಂಗ್ಲಿಷಿನ ಪಿ, ಪೌಂಡ್ ನಾಣ್ಯದ ಚಿಹ್ನೆ, ಕ್ಯೂ ಮತ್ತು ಕೊಂಬು ಹೊತ್ತ ಎ. ಸ್ಕ್ರೀನ್ ರೀಡರ್ ಇರುವುದನ್ನೇ ಓದುತ್ತದೆ. ಒಂದಿಡೀ ಸುತ್ತೋಲೆ, ಒಂದಿಡೀ ಪಠ್ಯ ಹೀಗೆ 'ಪಿ, ಪೌಂಡ್, ಕ್ಯೂ' ಎಂಬ ಗೊಣಗಾಟವಾಗಿ ಕಿವಿಗೆ ಬೀಳುತ್ತದೆ. ಅದನ್ನು ಕೇಳುತ್ತ ಕೂತವರ ಸಂಕಟ ಊಹಿಸಬೇಕು. ಕನ್ನಡ ಪತ್ರಿಕೆಗಳ ಪುಟಗಳನ್ನು, ಸರ್ಕಾರಿ ಆದೇಶಗಳನ್ನು ಚಿತ್ರವಾಗಿ ಹಾಕಿದರೆ ಗೊಣಗಾಟವೂ ಇಲ್ಲ, ಬರೀ ಮೌನ. ಇದಕ್ಕೆ ಮದ್ದು ಎರಡು. ಹೊಸದನ್ನೆಲ್ಲ ಯೂನಿಕೋಡ್‌ನಲ್ಲೇ ಬರೆಯುವುದು ಮೊದಲನೆಯದು. ಹಳೆಯ ಮುದ್ರಿತ ಪುಟಗಳನ್ನು ಅಕ್ಷರ ಗುರುತಿಸುವ ತಂತ್ರಾಂಶದಿಂದ ಪಠ್ಯವಾಗಿ ಮಾರ್ಪಡಿಸುವುದು ಎರಡನೆಯದು. ಮಲ್ಲೇಶ್ವರದ ನೆರೆಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ಸಿದ್ಧಪಡಿಸಿದ 'ಲಿಪಿ ಜ್ಞಾನಿ' ಅಂಥದ್ದು.

ಪರೀಕ್ಷೆ, ಕೆಲಸ, ಆಟ

ಕಣ್ಣು ಕಾಣದ ವಿದ್ಯಾರ್ಥಿ ಉತ್ತರ ಹೇಳಿದರೆ ಬರೆದುಕೊಡುವವರನ್ನು ಸ್ಕ್ರೈಬ್ ಎನ್ನುತ್ತಾರೆ. ಕೇಂದ್ರದ ಮಾರ್ಗಸೂಚಿಯಂತೆ ಇಂಥ ಪರೀಕ್ಷಾರ್ಥಿಗಳಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಕಾಲ ಕೊಡಬೇಕು. ನಿಯಮ ಇದ್ದರೂ ಮಾರ್ಚ್ ಬಂತೆಂದರೆ ಬರೆಯುವವರಿಗಾಗಿ ಹುಡುಕಾಟ ತಪ್ಪಿದ್ದಲ್ಲ. ಬೆಂಗಳೂರಿನ ಪುಷ್ಪಾ ಎನ್.ಎಂ. ನೂರಾರು ಪರೀಕ್ಷೆಗಳನ್ನು ಹೀಗೆ ಬೇರೆಯವರಿಗಾಗಿ ಬರೆದು ರಾಷ್ಟ್ರಪತಿಯವರಿಂದ ನಾರಿಶಕ್ತಿ ಪುರಸ್ಕಾರ ಪಡೆದವರು. ಕಾಲೇಜು ಸೇರಿದವರಿಗೆ ರಾಜ್ಯದ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ 'ಟಾಕಿಂಗ್ ಲ್ಯಾಪ್‌ಟಾಪ್' ಕೊಡುತ್ತದೆ. ಅಂಧ ತಾಯಂದಿರಿಗೆ ಶಿಶುಪಾಲನಾ ಭತ್ಯೆಯೂ ಇದೆ.

ಉದ್ಯೋಗದ ದಾರಿಯಲ್ಲಿ ಬೆಂಗಳೂರಿನ ದೊಡ್ಡ ಹೆಸರು ಎನೇಬಲ್ ಇಂಡಿಯಾ. ತಮ್ಮನ ದೃಷ್ಟಿ ಹೋದಾಗ ಅವನಿಗೆ ಕಲಿಸಲು ಹೊರಟ ಶಾಂತಿ ರಾಘವನ್, ಪತಿ ದೀಪೇಶ್ ಸುತಾರಿಯಾ ಜೊತೆ 1999ರಲ್ಲಿ ಕಟ್ಟಿದ ಸಂಸ್ಥೆ ಇದು. ಸಾದಾ ಫೋನಿನಿಂದ ಮಿಸ್ಡ್ ಕಾಲ್ ಕೊಟ್ಟು ಕೆಲಸದ ಸುದ್ದಿ, ಒಬ್ಬರಿಗೊಬ್ಬರ ಅನುಭವ ಕೇಳಬಹುದಾದ 'ನಮ್ಮ ವಾಣಿ'ಯೂ ಅವರದೇ. ಕಾಯಿದೆಯಂತೆ ಸರ್ಕಾರಿ ಹುದ್ದೆಗಳಲ್ಲಿ ವಿಕಲಚೇತನರಿಗೆ ಕನಿಷ್ಠ ಶೇಕಡಾ 4 ಮೀಸಲು, ಅದರಲ್ಲಿ ಶೇಕಡಾ 1 ಅಂಧರು ಮತ್ತು ಮಂದದೃಷ್ಟಿಯವರಿಗೆ. ನ್ಯಾಯಾಧೀಶರ ಹುದ್ದೆಯನ್ನು ದೃಷ್ಟಿಯಿಲ್ಲವೆಂಬ ಕಾರಣಕ್ಕೆ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ತೀರ್ಪಿತ್ತಿತು.

ಆಟದ ಮಾತಿಗೆ ಬಂದರೆ 1997ರಲ್ಲಿ ಮಹಾಂತೇಶ್ ಜಿ.ಕೆ. ಮತ್ತು ಗೆಳೆಯ ದಿವಂಗತ ಎಸ್.ಪಿ. ನಾಗೇಶ್ ಆರಂಭಿಸಿದ ಸಮರ್ಥನಂ ಟ್ರಸ್ಟನ್ನು ನೆನೆಯಬೇಕು. ಅಂಧರ ಕ್ರಿಕೆಟ್ ಈ ಮಟ್ಟಕ್ಕೆ ಬಂದದ್ದರ ಹಿಂದೆ ಈ ಟ್ರಸ್ಟಿನ ದುಡಿಮೆ ಇದೆ. ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು, ಒಳಗೆ ಲೋಹದ ಗುಂಡುಗಳು ಗಲಗಲ ಎನ್ನುತ್ತವೆ. ಬೌಲರ್ ಕೈ ಕೆಳಗಿನಿಂದ ಉರುಳಿಸುತ್ತಾನೆ. ಹನ್ನೊಂದರಲ್ಲಿ ಕನಿಷ್ಠ ನಾಲ್ವರು ಪೂರ್ತಿ ಅಂಧರಿರಬೇಕು, ಅವರು ಹೊಡೆದ ರನ್ ಎರಡರಷ್ಟಾಗುತ್ತದೆ. ಮೈದಾನದಲ್ಲಿ ಪ್ರೇಕ್ಷಕರು ಸದ್ದು ಮಾಡದೆ ಕೂರಬೇಕು, ಇಲ್ಲವಾದರೆ ಚೆಂಡಿನ ಜಾಡೇ ಸಿಗದು. 2012ರಲ್ಲಿ ಬೆಂಗಳೂರಿನಲ್ಲೇ ನಡೆದ ಮೊದಲ ಟಿ-20 ವಿಶ್ವಕಪ್ಪನ್ನು ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯಕ್ ನಾಯಕತ್ವದ ತಂಡ ಗೆದ್ದಿತು; ಶೇಖರ್ ಅವರಿಗೆ 2017ರಲ್ಲಿ ಪದ್ಮಶ್ರೀ ಸಂದಿತು. 2017, 2022ರ ಫೈನಲ್‌ಗಳನ್ನೂ ಭಾರತ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಗೆದ್ದಿತು. ಮಹಿಳೆಯರ ಮೊದಲ ಟಿ-20 ವಿಶ್ವಕಪ್ ಭಾರತಕ್ಕೆ ಬಂದದ್ದು 2025ರ ನವೆಂಬರ್‌ನಲ್ಲಿ ಕೊಲಂಬೊದಲ್ಲಿ. ನಾಯಕಿ ಕರ್ನಾಟಕದ ದೀಪಿಕಾ ಟಿ.ಸಿ.

ದಾರಿ

ಗವಿಪುರದಿಂದ ಈ ಸೇವೆಗಳ ಕಡೆ ಹೊರಟವರಿಗೆ ಹತ್ತಿರದ ಮೆಟ್ರೊ ನ್ಯಾಷನಲ್ ಕಾಲೇಜು ನಿಲ್ದಾಣ, 2017ರ ಜೂನ್‌ನಲ್ಲಿ ತೆರೆದದ್ದು. ಅಲ್ಲಿಂದ ಹಸಿರು ಮಾರ್ಗದಲ್ಲಿ ನೇರ ರಮಣ ಮಹರ್ಷಿ ಅಕಾಡೆಮಿ ಇರುವ ಜಯಪ್ರಕಾಶ (ಜೆ.ಪಿ.) ನಗರಕ್ಕೆ ಹೋಗಬಹುದು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಬಂದಮೇಲೆ ಆರ್.ವಿ. ರಸ್ತೆಯಲ್ಲಿ ರೈಲು ಬದಲಿಸಿ ಸಿಲ್ಕ್ ಬೋರ್ಡ್ ತಲುಪಿದರೆ ಮಿತ್ರ ಜ್ಯೋತಿ ಇರುವ ಎಚ್.ಎಸ್.ಆರ್. ಬಡಾವಣೆ ಹತ್ತಿರ. ನಿಲ್ದಾಣದ ಒಳಗೆ ಹಳದಿ ಹಾಸುಗಲ್ಲುಗಳಿವೆ. ಉದ್ದನೆಯ ಏಣುಗಳು ಪಾದಕ್ಕೆ ತಾಗಿದರೆ 'ಮುಂದೆ ನಡೆ', ದುಂಡು ಗುಬ್ಬಿಗಳು ತಾಗಿದರೆ 'ನಿಲ್ಲು, ತಿರುವಿದೆ ಅಥವಾ ಅಂಚಿದೆ' ಎಂದರ್ಥ. ಕನ್ನಡದಲ್ಲಿ ಮುಂದಿನ ನಿಲ್ದಾಣದ ಹೆಸರು ಹೇಳುತ್ತಾರೆ. ಒಳಗೆ ಸೇರಿದ ಮೇಲೆ ಪ್ರಯಾಣ ಸುಗಮವೇ.

ಬಸ್ಸಿನ ಕಷ್ಟ ಬೇರೆ ಬಗೆಯದು. ಅಂಧರಿಗೆ ಉಚಿತ ಪಾಸ್ ಉಂಟು, ಆದರೆ ಎದುರು ನಿಂತ ಬಸ್ಸಿನ ನಂಬರು ಹೇಳುವವರು ಬೇಕು. ಮೈಸೂರು ನಗರದ ಬಸ್ಸುಗಳಲ್ಲಿ 2023ರಲ್ಲಿ ತಂದ 'ಧ್ವನಿ ಸ್ಪಂದನ' ಇದಕ್ಕೆ ಒಳ್ಳೆಯ ಉತ್ತರ. ಕೈಯಲ್ಲಿನ ಪುಟ್ಟ ಸಾಧನದ ಗುಂಡಿ ಒತ್ತಿದರೆ ಹತ್ತಿರ ಬಂದ ಬಸ್ಸು ತನ್ನ ನಂಬರನ್ನು ತಾನೇ ಹೇಳುತ್ತದೆ, ಬಾಗಿಲ ಬಳಿಯ ಸ್ಪೀಕರಿನ ದನಿ ಹಿಡಿದು ಹತ್ತಬಹುದು. ಬೆಂಗಳೂರಿನ ಎಲ್ಲ ಬಸ್ಸುಗಳಿಗೂ ಇದು ಬರಬೇಕು. ಅಲ್ಲಿಯವರೆಗೆ ನಿಲ್ದಾಣದಲ್ಲಿ ನಿಂತವರ ಬಾಯಿಮಾತೇ ಧ್ವನಿ ಸ್ಪಂದನ.

ಗಾಂಧಿ ಬಜಾರಿನ ಹೂವಿನ ಸಾಲಿನಲ್ಲಿ ವ್ಯವಹಾರ ಮಾಡುವಾಗ ನೋಟು ಗುರುತಿಸುವುದು ಇನ್ನೊಂದು ಸವಾಲು. ಈಗಿನ 100 ರೂಪಾಯಿ ನೋಟಿನ ಎರಡೂ ಅಂಚಿನಲ್ಲಿ ನಾಲ್ಕು ಉಬ್ಬುಗೆರೆ, 200ರಲ್ಲಿ ನಾಲ್ಕು ಗೆರೆಗಳ ನಡುವೆ ಎರಡು ಸೊನ್ನೆ, 500ರಲ್ಲಿ ಐದು ಗೆರೆ. ಹೊಸ ನೋಟಿನಲ್ಲಿ ಬೆರಳಿಗೆ ಸಿಗುವ ಈ ಗೆರೆಗಳು ಹತ್ತು ಕೈ ದಾಟುವಷ್ಟರಲ್ಲಿ ಸವೆದುಹೋಗುತ್ತವೆ. ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ತಂದ 'ಮಣಿ' ಆ್ಯಪ್ ಮೊಬೈಲ್ ಕ್ಯಾಮೆರಾದಿಂದ ನೋಟು ನೋಡಿ ಬೆಲೆ ಹೇಳುತ್ತದೆ. ಡಿಜಿಟಲ್ ವ್ಯವಹಾರದಲ್ಲೂ ಮುಳ್ಳಿತ್ತು: ಬ್ಯಾಂಕ್ ಖಾತೆಯ ಕೆವೈಸಿಗಾಗಿ ಕ್ಯಾಮೆರಾ ಎದುರು 'ಕಣ್ಣು ಮಿಟುಕಿಸಿ' ಎಂದು ಕೇಳುತ್ತಿದ್ದರು. ಕಣ್ಣು ಮಿಟುಕಿಸಲಾಗದವರು ಏನು ಮಾಡಬೇಕು? 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೌಲಭ್ಯವನ್ನು ಬದುಕುವ ಹಕ್ಕಿನ ಭಾಗವೆಂದು ಸಾರಿ 20 ನಿರ್ದೇಶನಗಳನ್ನು ಕೊಟ್ಟಿತು. ಅದಕ್ಕೂ ಮೊದಲು, 2024ರ ನವೆಂಬರ್‌ನಲ್ಲಿ, ಕಟ್ಟಡ, ಸಾರಿಗೆಗಳ ಸುಗಮ್ಯತೆಯ ಮಾನದಂಡ ಬರೀ ಸಲಹೆಯಾಗಿರದೆ ಕಡ್ಡಾಯವಾಗಬೇಕು ಎಂದೂ ಹೇಳಿತ್ತು.

ಇಷ್ಟೆಲ್ಲ ಇದ್ದರೂ ಮೆಟ್ರೊ ನಿಲ್ದಾಣದ ಹಳದಿ ಹಾಸು ಮುಗಿದಲ್ಲಿಂದ ಗವಿಪುರದ ಮನೆಯ ಬಾಗಿಲಿನವರೆಗೆ ಕೋಲಿಗೆ ಸಿಗುವುದು ಬೇರೆಯೇ ಲೋಕ. ಮೊಳದೆತ್ತರದ ಫುಟ್‌ಪಾತ್, ಮೇಲೆದ್ದ ಚಪ್ಪಡಿ, ನಡುವೆ ಟ್ರಾನ್ಸ್‌ಫಾರ್ಮರ್, ಗೇಟಿನ ಮುಂದೆ ರಸ್ತೆಗೆ ಚಾಚಿದ ಇಳಿಜಾರು, ಮನೆ ಕಟ್ಟುವವರ ಜಲ್ಲಿಗುಡ್ಡೆ, ಅಡ್ಡ ನಿಲ್ಲಿಸಿದ ಸ್ಕೂಟರ್. ಬಿಳಿ ಕೋಲು ನೆಲದ ಮೇಲಿನದನ್ನು ಮಾತ್ರ ತಿಳಿಸುತ್ತದೆ, ಎದೆಮಟ್ಟಕ್ಕೆ ಚಾಚಿದ ಲಾರಿಯ ಹಿಂಬದಿಯನ್ನಲ್ಲ. ಕಡಲೆಕಾಯಿ ಪರಿಷೆಯ ದಿನಗಳಲ್ಲಂತೂ ಬುಲ್ ಟೆಂಪಲ್ ರಸ್ತೆಯ ಪರಿಚಿತ ಗುರುತುಗಳೆಲ್ಲ ಕಡಲೆಕಾಯಿ ರಾಶಿಗಳಡಿ ಮರೆಯಾಗುತ್ತವೆ.

ಮನೆಯೊಳಗೆ ಮಾಡಬೇಕಾದದ್ದು ಇಷ್ಟು ಕಷ್ಟದ್ದಲ್ಲ. ವಯಸ್ಸಾಗಿ ಮಂದದೃಷ್ಟಿಯಾದ ಅಜ್ಜ ಅಜ್ಜಿಯರು ಈ ಬಡಾವಣೆಗಳಲ್ಲಿ ಮನೆಗೊಬ್ಬರಂತೆ ಸಿಗುತ್ತಾರೆ. ಮೆಟ್ಟಿಲಿನ ಅಂಚಿಗೆ ಹಳದಿ ಬಣ್ಣದ ಪಟ್ಟಿ ಬಳಿಯಿರಿ, ಓದುವಾಗ ದೀಪ ಹೆಗಲ ಹಿಂದಿನಿಂದ ಬರಲಿ, ಇಟ್ಟ ವಸ್ತು ಇಟ್ಟಲ್ಲೇ ಇರಲಿ. ಬಿಳಿ ತಟ್ಟೆಯಲ್ಲಿ ಬಡಿಸಿದ ಬಿಳಿ ಅನ್ನ, ಮೊಸರು ಅವರಿಗೆ ಕಾಣುವುದಿಲ್ಲ. ಬಾಳೆಲೆಯ ಮೇಲೆ ಬಡಿಸಿದರೆ ಕಾಣುತ್ತದೆ. ನಮ್ಮ ಹಿರಿಯರ ಊಟದ ಎಲೆ ಮಂದದೃಷ್ಟಿಗೆ ಎಷ್ಟು ಹಿತ ಎಂಬುದು ಅನೇಕರಿಗೆ ಹೊಳೆದೇ ಇಲ್ಲ.

ಬೀದಿಯಲ್ಲಿ ಬಿಳಿ ಕೋಲಿನವರು ಎದುರಾದರೆ ಮೊದಲು ಮಾತನಾಡಿಸಿ, ಸಹಾಯ ಬೇಕೇ ಎಂದು ಕೇಳಿ, ಬೇಕೆಂದರೆ ಅವರ ಕೈ ಹಿಡಿದು ಎಳೆಯಬೇಡಿ. ನಿಮ್ಮ ಮೊಣಕೈಯನ್ನು ಅವರಿಗೆ ಹಿಡಿಯಲು ಕೊಟ್ಟು ಅರ್ಧ ಹೆಜ್ಜೆ ಮುಂದೆ ನಡೆಯಿರಿ. ಮೆಟ್ಟಿಲು ಬಂದರೆ ಹತ್ತುವುದೋ ಇಳಿಯುವುದೋ ಹೇಳಿ. ಫುಟ್‌ಪಾತಿನ ಮೇಲಿರುವ ನಿಮ್ಮ ಗಾಡಿಯನ್ನು ಇವತ್ತೇ ಕೆಳಗಿಳಿಸಿ ನಿಲ್ಲಿಸಿ.